ತುರುವೇಕೆರೆಯಲ್ಲಿದ್ದ ಇನ್ನೊಂದು ಪ್ರತಿ

ಮೇಡಂ ಅವರ ಬಲಗೈ ಹೆಬ್ಬೆರಳಿಗೆ ಅರ್ಧ ಉಗುರೇ ಇರಲಿಲ್ಲ. ಕಂಪ್ಯೂಟರ್ ಸರ್ವರ್ ಇಡುವ ಕಬ್ಬಿಣದ ಬೀರುವಿನ ಬಾಗಿಲಿಗೆ ಯಾವತ್ತೋ ಸಿಕ್ಕಿ ಕಿತ್ತುಹೋಗಿತ್ತಂತೆ.

ತಿಪಟೂರಿನ ನಮ್ಮ ಕಣ್ಣಾಸ್ಪತ್ರೆಯಲ್ಲಿ ಕಂಪ್ಯೂಟರ್ ವಿಭಾಗವೆಂದರೆ ಅವರೊಬ್ಬರೇ. ನಾನು ಹೊರಗೆ ಟೋಕನ್ ಕೊಡುತ್ತಿದ್ದೆ, ಡಿಗ್ರಿ ಮುಗಿಸಿರಲಿಲ್ಲ. "ಕೂತ್ಕೊಳಮ್ಮ, ಕಲ್ತ್ಕೊ" ಎಂದು ಒಳಗೆ ಕರೆದವರು ಅವರು.

ರೋಗಿಗಳ ಸ್ಕ್ಯಾನುಗಳೆಲ್ಲ ನಮ್ಮ ಸರ್ವರಿನಲ್ಲಿದ್ದವು. ಹದಿನೈದು ನಿಮಿಷಕ್ಕೊಮ್ಮೆ ಅದರಲ್ಲಿ ಆ ಕ್ಷಣ ಇರುವುದರ ಇದ್ದಂತೆಯೇ ಒಂದು ಪ್ರತಿ, ಅಂದರೆ ಸ್ನ್ಯಾಪ್‌ಶಾಟ್, ಹಿಡಿದು, ಹಿಂದಿನದಕ್ಕಿಂತ ಬದಲಾದಷ್ಟನ್ನು ಮಾತ್ರ ತುರುವೇಕೆರೆ ಶಾಖೆಯ ಸರ್ವರಿಗೆ ಕಳಿಸುವ ಏರ್ಪಾಡನ್ನು ಮೇಡಂ ಮಾಡಿದ್ದರು. "ಹೋಗಿದೆ ಮೇಡಂ" ಎಂದು ನಾನಂದರೆ ಒಪ್ಪುತ್ತಿರಲಿಲ್ಲ.

"ಹೋಯ್ತು ಅನ್ಬೇಡ ಕಣಮ್ಮ. ಅಲ್ಲಿ ತೆಗ್ದು ನೋಡ್ದೆ ಅನ್ನು."

ಒಂದು ಮಧ್ಯಾಹ್ನ ಯುಪಿಎಸ್ ಬ್ಯಾಟರಿಗೆ ಬೆಂಕಿ ಹತ್ತಿ ಸರ್ವರ್ ಸುಟ್ಟುಹೋಯಿತು. ಎರಡು ದಿನ ಬಿಟ್ಟು ಆ ಸ್ಕ್ಯಾನುಗಳನ್ನು ನೋಡಿಯೇ ಮಾಡಬೇಕಾದ ಆಪರೇಷನ್‌ಗಳಿದ್ದವು. ಮೇಡಂ ತುರುವೇಕೆರೆಯ ಪ್ರತಿಯನ್ನು ತೆರೆದರು. ಎಲ್ಲ ಇತ್ತು, ಕೊನೆಯ ಹನ್ನೆರಡು ನಿಮಿಷದ್ದು ಬಿಟ್ಟು.

"ಅಷ್ಟು ಉಳೀತಲ್ಲ, ಸಾಕು ಬಿಡಿ" ಎಂದರು ಡಾಕ್ಟರು.

ಮೇಡಂ ಬಿಡಲಿಲ್ಲ. ಟೋಕನ್ ಪುಸ್ತಕ ನೋಡಿದರೆ ಆ ಹೊತ್ತಿನಲ್ಲಿ ಸ್ಕ್ಯಾನ್ ಆದವರು ಮೂವರು. ಮತ್ತೆ ಬನ್ನಿ ಎಂದು ಇಬ್ಬರಿಗೆ ಫೋನ್ ಮಾಡಿದರು. ಮೂರನೆಯವರಾದ ದಬ್ಬೇಘಟ್ಟದ ಅಜ್ಜಿಗೆ ಫೋನಿರಲಿಲ್ಲ. ಮರುದಿನ ಬೆಳಿಗ್ಗೆ ನಾವಿಬ್ಬರೂ ಬಸ್ಸು ಹತ್ತಿದೆವು. ಅಜ್ಜಿ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದರು.

"ನೆನ್ನೆ ತಾನೆ ತೆಗ್ದ್ರಲ್ಲವ್ವ, ಮತ್ಯಾಕೆ?"

"ಕಳ್ದಾಕ್ಬುಟ್ವಿ ಕಣಜ್ಜಿ. ತಪ್ಪು ನಮ್ದು. ಬನ್ನಿ, ನಾವೇ ಕರ್ಕೊಂಡೋಗ್ತೀವಿ" ಎಂದರು ಮೇಡಂ.

ಅಷ್ಟು ಸಲೀಸಾಗಿ ತಪ್ಪು ಒಪ್ಪಿಕೊಂಡವರನ್ನು ನಾನು ಅದುವರೆಗೆ ನೋಡಿರಲಿಲ್ಲ. ಅಜ್ಜಿಯ ಆಪರೇಷನ್ ಹೇಳಿದ ದಿನವೇ ಆಯಿತು.

ಹೋದ ವರ್ಷ ಒಂದು ಸೋಮವಾರ ಮೇಡಂ ಕೆಲಸಕ್ಕೆ ಬರಲಿಲ್ಲ. ಹನ್ನೊಂದಕ್ಕೆ ಅವರ ಯಜಮಾನರ ಫೋನ್ ಬಂತು. ಬಚ್ಚಲಮನೆಯಲ್ಲಿ ಬಿದ್ದವರು ಏಳಲೇ ಇಲ್ಲವಂತೆ. "ಆಯ್ತು ಸಾರ್" ಎಂದೆ. ಮುಂದಿದ್ದ ಕೆಲಸ ಮುಗಿಸಿಯೇ ಅವರ ಊರು ನೊಣವಿನಕೆರೆಗೆ ಹೊರಟೆ.

ತೆಂಗಿನ ತೋಟದಲ್ಲೇ ಮಣ್ಣು ಮಾಡಿದರು. ಹಾಕಬೇಕಾದ ಹಿಡಿ ಮಣ್ಣನ್ನು ಹಿಡಿದುಕೊಂಡು ನಿಂತಿದ್ದೆ. ಯಜಮಾನರು ಹತ್ತಿರ ಬಂದರು.

"ಆಸ್ಪತ್ರೆ ಪಾಸ್‌ವರ್ಡು ಗೀಸ್‌ವರ್ಡು ನಂಗೊಂದೂ ಹೇಳಿಲ್ಲ ಕಣಮ್ಮ. ನಿಮ್ಗೆ ತೊಂದ್ರೆ ಆಗಲ್ವಾ?"

"ಇಲ್ಲ ಸಾರ್. ಎಲ್ಲಾ ನಂಗೆ ಕಲ್ಸಿದ್ರು."

ನನ್ನ ದನಿ ಬೇರೆ ಯಾರದೋ ಎನ್ನುವಂತೆ ಕೇಳಿಸಿತು. ಮಣ್ಣು ಹಾಕಿ, ನಲ್ಲಿಯಲ್ಲಿ ಕೈ ತೊಳೆದುಕೊಂಡೆ.

ಈಗ ಅವರ ಕುರ್ಚಿಯಲ್ಲಿ ಕೂರುವುದು ನಾನೇ. ಇವತ್ತಿಗೂ ಅತ್ತಿಲ್ಲ.