ತಲೆಯ ಮೇಲೆ ತೂಗಿದ ನೀರು

ಸುಳ್ಳು ಹೇಳಿದರೆ ಮೊಣಕಾಲೂರಿಸಿ ನಿಲ್ಲಿಸುತ್ತಿದ್ದ ಕಾನ್ವೆಂಟಿನಲ್ಲಿ ಓದಿದವಳು ನಾನು. ಎಪ್ಪತ್ತಾರರ ಈ ವಯಸ್ಸಿನಲ್ಲಿ ಕತೆ ಕಟ್ಟಿ ನನಗೇನಾಗಬೇಕು? ಇದು ನಡೆದದ್ದು.

ಚಿತ್ರದುರ್ಗದ ಅಂಚಿನ ಹನ್ನೊಂದು ಮಹಡಿಯ ಅಪಾರ್ಟ್‌ಮೆಂಟಿನಲ್ಲಿ, ಕೊನೆಯ ಮಹಡಿಯಲ್ಲಿ, ನಾನು ಮತ್ತು ತಂಗಿ ವಿಮಲಾ ಇದ್ದೆವು. ಅವಳಿಗೆ ಕಾಲು ಸ್ವಾಧೀನವಿರಲಿಲ್ಲ, ಹಾರ್ಟ್ ಕೂಡ ವೀಕ್. “ಗಾಬರಿ ಆಗದ ಹಾಗೆ ನೋಡಿಕೊಳ್ಳಿ” ಎಂದಿದ್ದರು ಡಾಕ್ಟರು.

ಆ ಕಟ್ಟಡದ ಸ್ಟ್ರಕ್ಚರಲ್ ಎಂಜಿನಿಯರ್ ನನ್ನ ಯಜಮಾನರೇ. ತೀರಿಕೊಂಡು ಮೂರು ವರ್ಷವಾಗಿತ್ತು. ಗುಡ್ಡದ ಗಾಳಿಗೆ ಕಟ್ಟಡ ತೂಗಬಾರದೆಂದು ತಾರಸಿಯ ಮೇಲೆ ಬೇರೆಯೇ ಒಂದು ಟ್ಯಾಂಕು ಕಟ್ಟಿಸಿದ್ದರು. ಅದರಲ್ಲಿ ಅರ್ಧ ಮಾತ್ರ ನೀರು. ಕಟ್ಟಡ ಅತ್ತ ವಾಲಿದರೆ ನೀರು ಇತ್ತ ನುಗ್ಗಿ ಹಿಡಿದು ನಿಲ್ಲಿಸುತ್ತದೆ. ತುಂಬಿಸಿಬಿಟ್ಟರೆ? ನೀರಿಗೆ ಅಲುಗಾಡಲು ಜಾಗವೇ ಇರುವುದಿಲ್ಲ.

ಆ ವರ್ಷ ಆಷಾಢದಲ್ಲೂ ಮಳೆಯಿಲ್ಲ, ಬರೀ ಗಾಳಿ. ಅಸೋಸಿಯೇಷನ್ ಸೆಕ್ರೆಟರಿ ರುದ್ರಪ್ಪನವರು ಟ್ಯಾಂಕರ್ ತರಿಸಿ ಆ ಟ್ಯಾಂಕನ್ನೂ ಕಂಠಮಟ್ಟ ತುಂಬಿಸಿದರು. ಬೇಡವೆಂದೆ.

“ಏನ್ ಮೇಡಂ, ದುರ್ಗದಾಗೆ ಅರ್ಧ ಟ್ಯಾಂಕ್ ಖಾಲಿ ಇಟ್ಕಂಡು ಗಾಳಿಗೆ ಪೂಜೆ ಮಾಡಾಣ ಅಂತೀರಾ? ನೀರಿಲ್ದೆ ಸತ್ತೋರ್ನ ನೋಡೀನಿ. ಗಾಳಿಗೆ ಯಾರು ಸತ್ತಾರ್ರಿ?”

ಅಂದೇ ರಾತ್ರಿ ಕರೆಂಟ್ ಹೋಯಿತು. ಲಿಫ್ಟ್ ನಿಂತಿತು. ಗೋಡೆಯ ಪಟಗಳು ಸುಣ್ಣಕ್ಕೆ ಉಜ್ಜತೊಡಗಿದವು... ಸರ್... ಸರ್...

“ಅಕ್ಕಾ, ಮಂಚ ತೂಗ್ತೈತೆ. ಕೆಳಗೆ ಹೋಗಾಣ.”

“ಹೇಗೆ ಹೋಗೋದೇ? ಸುಮ್ಮನೆ ಕಣ್ಮುಚ್ಚು.”

ಅವಳ ನಾಡಿ ನನ್ನ ಬೆರಳಡಿ ಹುಚ್ಚೆದ್ದು ಹಾರುತ್ತಿತ್ತು. ರುದ್ರಪ್ಪನವರಿಗೆ ಫೋನ್ ಮಾಡಿ ಒಂದಿಷ್ಟು ನೀರು ಬಿಡಿಸಿ ಎಂದು ಅಂಗಲಾಚಿದೆ.

“ಈ ಗಾಳ್ಯಾಗೆ ತಾರಸಿಗೆ ಯಾರು ಹತ್ತಾರ್ರಿ? ಬೀಗ ಹಾಕೈತೆ. ಬೆಳಗ್ಗೆ ನೋಡಾಣ.”

ಫೋನ್ ಇಟ್ಟೆ. ಆಗಲೇ ಕೇಳಿಸಿತು... ನೆತ್ತಿಯ ಮೇಲೆ... ಗುಳುಂ. ಸ್ವಲ್ಪ ಬಿಟ್ಟು, ಇನ್ನೊಂದು ಬದಿಯಲ್ಲಿ, ಗುಳುಂ.

ತುಂಬಿದ ಟ್ಯಾಂಕಿನಲ್ಲಿ ನೀರು ಹಾಗೆ ತೂಗುವುದು ಸಾಧ್ಯವೇ ಇಲ್ಲ!

ಕೋಣೆಯಲ್ಲೆಲ್ಲ ಹಸಿ ಸಿಮೆಂಟಿನ ವಾಸನೆ, ಸೈಟಿನಿಂದ ಬಂದಾಗ ಯಜಮಾನರ ಅಂಗಿಯಿಂದ ಬರುತ್ತಿದ್ದಂಥದ್ದೇ. ಪಟಗಳ ಸದ್ದು ಕಡಿಮೆಯಾಯಿತು.

“ಅಕ್ಕಾ...” ವಿಮಲಾ ಪಿಸುಗುಟ್ಟಿದಳು. “ಭಾವ ಬಂದಾರೆ.”

“ಥ್ಯಾಂಕ್ಸ್ ರೀ,” ಎಂದೆ, ಸೂರು ನೋಡುತ್ತ. ಅಳು ಬಂದಿತ್ತು.

ಗುಳುಂ... ಗುಳುಂ... ಸದ್ದು ನಿಧಾನವಾಯಿತು. ಕಟ್ಟಡವೂ ನಿಧಾನವಾಯಿತು. ಬೆರಳಡಿಯ ನಾಡಿಯೂ... ಅದೇ ಲಯದಲ್ಲಿ. ಮೊದಲು ಸಮಾಧಾನವಾಯಿತು. ಆಮೇಲೆ ಅರ್ಥವಾಯಿತು, ಅದು ಕಟ್ಟಡದ ಜೊತೆ ಅವಳ ನಾಡಿಯನ್ನೂ ಹಿಡಿದು ನಿಲ್ಲಿಸುತ್ತಿದೆ. “ಸಾಕು, ಸಾಕು ರೀ!” ಎಂದು ಕಿರುಚಿದೆ.

ಕೊನೆಯದೊಂದು ಗುಳುಂ. ಕಟ್ಟಡ ನಿಂತಿತು. ವಿಮಲೆಯ ನಾಡಿಯೂ.

ಹೊರಗೆ ಗಾಳಿ ಹಾಗೆಯೇ ಹುಯ್ಯಲಿಡುತ್ತಿತ್ತು.

ಬೆಳಗ್ಗೆ ರುದ್ರಪ್ಪನವರು ಬೀಗ ತೆಗೆದರು. ಟ್ಯಾಂಕು ಸರಿಯಾಗಿ ಅರ್ಧ. ತಾರಸಿ ಒಣಗಿತ್ತು, ನೀರು ಬಿಡುವ ಪೈಪಿನ ಬಾಯಿಗೆ ಜೇಡರಬಲೆ ಹಾಗೇ ಇತ್ತು.

“ನಾನೇ ನಿಂತು ತುಂಬ್ಸೀನಿ ಮೇಡಂ...” ಅವರು ಬಗ್ಗಿ ಮತ್ತೊಮ್ಮೆ ಟ್ಯಾಂಕಿನೊಳಗೆ ಇಣುಕಿದರು.

ಈಗ ಹೊಳಲ್ಕೆರೆಯಲ್ಲಿ ನೆಲಕ್ಕಂಟಿದ ಪುಟ್ಟ ಮನೆಯಲ್ಲಿದ್ದೇನೆ. ನನ್ನವರು ವಿಮಲೆಯನ್ನು ಮಗಳಂತೆ ಕಂಡವರು, ಅಂಥದ್ದು ಮಾಡುವವರಲ್ಲ. ಹಾಗಾದರೆ ಅಂದು ನಾನು ಥ್ಯಾಂಕ್ಸ್ ಹೇಳಿದ್ದು ಯಾರಿಗೆ? ಗಾಳಿ ಎದ್ದ ರಾತ್ರಿ ಇಲ್ಲಿ ಏನೂ ಅಲುಗುವುದಿಲ್ಲ. ಆದರೂ ನನ್ನ ನಾಡಿಯನ್ನು ನಾನೇ ಹಿಡಿದುಕೊಂಡು ಬೆಳಗಿನವರೆಗೆ ಕೂತಿರುತ್ತೇನೆ...