ಕೆಸರು ಕಾಯುವ ಜೊಂಡಕ್ಕ

ಬೆಳಗಿನ ಐದೂಮುಕ್ಕಾಲು. ಕೈಗಾರಿಕಾ ಪ್ರದೇಶದ ಹಿಂಗೋಡೆಯಾಚೆ ಆಳೆತ್ತರದ ಜೊಂಡುಹುಲ್ಲು ಅಲುಗುತ್ತಿದೆ. ಗಾಳಿಯಿಲ್ಲ. ಸ್ವಲ್ಪ ಹೊತ್ತಿಗೆ ಹುಲ್ಲು ಸರಿಸಿಕೊಂಡು ಹೆಂಗಸೊಬ್ಬರು ಹೊರಬರುತ್ತಾರೆ. ಕಾಲಿಗೆ ರಬ್ಬರ್ ಬೂಟು, ತಲೆಗೆ ಬಿಗಿದ ಟವೆಲ್ಲು, ಕೈಯಲ್ಲಿ ಗಾಜಿನ ಲೋಟ. ಲೋಟದ ನೀರನ್ನು ಬೆಳಕಿಗೆ ಹಿಡಿದು, ಕಾಗದದ ಪಟ್ಟಿಯೊಂದನ್ನು ಅದ್ದಿ ಬಣ್ಣ ನೋಡುತ್ತಾರೆ. "ಇವತ್ತು ಹೊಟ್ಟೆ ಸರಿಯಾಗಿದೆ," ಎನ್ನುತ್ತಾರೆ. ಹೊಟ್ಟೆ ಅವರದಲ್ಲ, ಕೊಳದ್ದು.

ಎಲ್ಲರೂ ಇವರನ್ನು ಕರೆಯುವುದು ಜೊಂಡಕ್ಕ ಅಂತಲೇ. ಗೋಡೆಯಾಚೆ ನಲ್ಲಿ, ಬೀಗ, ಸೈಕಲ್ ಭಾಗಗಳಿಗೆ ಲೋಹದ ಹೊಳಪು ಕೊಡುವ ಹದಿನೇಳು ಕಾರ್ಖಾನೆಗಳಿವೆ. ಅಲ್ಲಿ ತೊಳೆದ ನೀರಿನಲ್ಲಿ ನಿಕ್ಕಲ್, ಸತು, ತಾಮ್ರ ಉಳಿದಿರುತ್ತವೆ. ದಿನಕ್ಕೆ ಎರಡು ಲಕ್ಷ ಲೀಟರ್. ಜಲ್ಲಿ, ಕೆಸರು, ಜೊಂಡು ತುಂಬಿದ ಆರು ಕೊಳಗಳಲ್ಲಿ ಆ ನೀರು ಎಂಟು ದಿನ ತೆವಳಿ, ಲೋಹದ ಬಹುಪಾಲನ್ನು ಅಲ್ಲೇ ಬಿಟ್ಟು ಕೆಳಗಿನ ಕೆರೆ ಸೇರುತ್ತದೆ.

"ಹುಲ್ಲೇ ಎಲ್ಲಾ ಹೀರ್ಕೊಳ್ಳುತ್ತೆ ಅಂದ್ಕೊಂಡಿದಾರೆ ಜನ. ಅದು ಹೀರೋದು ಚೂರೇ ಚೂರು. ಹಿಡಿದಿಟ್ಕೊಳ್ಳೋದು ಕೆಸರು. ಹೆಸರು ಹುಲ್ಲಿಗೆ, ದುಡಿಮೆ ಕೆಸರಿಗೆ!" ಎಂದು ನಗುತ್ತಾರೆ.

ಇವರ ಯಜಮಾನರು ಇದೇ ಕಾರ್ಖಾನೆಗಳಲ್ಲೊಂದರಲ್ಲಿ ಹದಿನೈದು ವರ್ಷ ದುಡಿದು, ಅಂಗೈ ಚರ್ಮ ಬಿರಿದು ಕೆಲಸ ಬಿಟ್ಟವರು. ಆಗ ಸಂಸಾರದ ನೊಗಕ್ಕೆ ಹೆಗಲು ಕೊಟ್ಟು ಇವರು ಹುಲ್ಲು ಕೊಯ್ಯುವ ಕೂಲಿಗೆ ಬಂದರು. ಹನ್ನೆರಡು ವರ್ಷವಾಯಿತು. ಈಗ ವಯಸ್ಸು ಐವತ್ತೈದು. "ಮನೆಗೆ ಮೊದಲು ಕೆಸರು ಬರುತ್ತೆ, ಹಿಂದೇನೇ ಇವಳು ಬರ್ತಾಳೆ," ಎನ್ನುತ್ತಾರೆ ಯಜಮಾನರು, ಹೆಂಡತಿಯ ಬೂಟು ತೊಳೆಯುತ್ತಲೇ.

ಹೀರಿದ ಚೂರು ಲೋಹವೂ ವಿಷವೇ ಆದ್ದರಿಂದ, ವರ್ಷಕ್ಕೆರಡು ಸಲ ಕೊಯ್ಯುವ ಹುಲ್ಲು ದನಗಳ ಬಾಯಿಗೆ ಬೀಳಬಾರದು. ನಾದಿನಿ ತನ್ನ ಹಸುವಿಗೆ ಎರಡು ಹೊರೆ ಕೇಳಿದಾಗ ಜೊಂಡಕ್ಕ ಕಡ್ಡಿ ಮುರಿದಂತೆ ಇಲ್ಲ ಎಂದರು. "ಒಂದು ವರ್ಷ ಮಾತು ಬಿಟ್ಟಳು. ಬಿಡಲಿ. ಹಸು ಗುಂಡುಕಲ್ಲಿನ ಹಾಗಿದೆಯಲ್ಲ, ಅಷ್ಟು ಸಾಕು."

ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ ಒಳಗೆ ಬರುವ ನೀರು ತಿಳಿಯಾಗಿತ್ತು. ಆದರೆ ಮೊದಲ ಕೊಳದಲ್ಲಿ ಒಂದು ಕಪ್ಪೆಯ ಸದ್ದೂ ಇಲ್ಲ. ಅಂಚಿನ ಜೊಂಡು ಸುಟ್ಟಂತೆ ಕಂದಿತ್ತು. ಪಟ್ಟಿ ಅದ್ದಿದರೆ ಕೆಂಪು: ಆಮ್ಲ! ಕೊಳಗಳ ಉಸ್ತುವಾರಿಯ ಎಂಜಿನಿಯರ್ ಫೋನ್ ಎತ್ತಲಿಲ್ಲ. ಲಿಖಿತ ಆದೇಶವಿಲ್ಲದೆ ಕೊಳಕ್ಕೆ ನೀರು ಬಿಡುವ ತೂಬು ಮುಚ್ಚುವಂತಿಲ್ಲ ಎನ್ನುವುದು ನಿಯಮ. ಜೊಂಡಕ್ಕ ಮುಚ್ಚಿಬಿಟ್ಟರು.

ನೀರು ಹಿಂದಕ್ಕೆ ನುಗ್ಗಿ ಕಾರ್ಖಾನೆಗಳ ಕೆಲಸ ನಿಂತಿತು. ಮಾಲೀಕರೊಬ್ಬರು ಓಡಿ ಬಂದು, "ಹುಲ್ಲು ಕೊಯ್ಯೋ ನಿನಗೆ ಅಧಿಕಾರ ಯಾರು ಕೊಟ್ರು?" ಎಂದು ರೇಗಿದರು.

"ಅಧಿಕಾರ ಇಲ್ಲ ಸರ್. ಕಣ್ಣಿದೆ," ಎಂದವರೇ ತೂಬಿನ ಚಕ್ರವನ್ನು ಅಪ್ಪಿ ಕುಳಿತರು. "ಕೆಲಸ ಹೋಯ್ತು ಅಂತಲೇ ಅಂದ್ಕೊಂಡೆ. ಮನೇಲಿ ಯಜಮಾನರ ಕೈ ಆಗಲೇ ದುಡಿಯೋದು ನಿಲ್ಲಿಸಿತ್ತಲ್ಲ."

ಹನ್ನೊಂದರ ಹೊತ್ತಿಗೆ ಎಂಜಿನಿಯರ್ ಬಂದು ನೀರು ಪರೀಕ್ಷಿಸಿ ಬೆವರೊರೆಸಿಕೊಂಡರು. ಅದೇ ಮಾಲೀಕರ ಕಾರ್ಖಾನೆಯ ಆಮ್ಲದ ತೊಟ್ಟಿ ರಾತ್ರಿ ಸೋರಿತ್ತು. "ಇನ್ನೊಂದು ದಿನ ಹರಿದಿದ್ದರೆ, ಹತ್ತು ವರ್ಷ ಕೆಸರು ಹಿಡಿದಿಟ್ಟ ಲೋಹ ಕರಗಿ ಕೆರೆಗೆ ಹೋಗ್ತಿತ್ತು. ಕೆರೆ ಕೆಳಗೆ ಜನ ತರಕಾರಿ ಬೆಳೀತಾರೆ. ಓದಿದ್ದು ನಾನು, ತಿಳಿದದ್ದು ಅವರಿಗೆ," ಎನ್ನುತ್ತಾರೆ ಅವರು ಈಗ. ಈಗ ತೊಟ್ಟಿ ತೊಳೆಯುವ ಮುನ್ನ ಆ ಮಾಲೀಕರದೇ ಫೋನು ಬರುತ್ತದೆ: "ಅಕ್ಕಾ, ಇವತ್ತು ತೊಳೀಬಹುದಾ?" ತೂಬು ಮುಚ್ಚುವ ಅಧಿಕಾರವೂ ಬರಹದಲ್ಲೇ ಜೊಂಡಕ್ಕನಿಗೆ ಸಿಕ್ಕಿದೆ.

ಇನ್ನೇನು ಬೇಕು ಎಂದು ಕೇಳಿದೆ. "ನನ್ನ ಜಾಗಕ್ಕೆ ಬರೋರನ್ನ ನಾನು ಕೆಲಸ ಬಿಡೋಕೆ ಒಂದು ವರ್ಷ ಮುಂಚೆ ಕಳಿಸಲಿ. ಬೇಸಿಗೆ, ಮಳೆ, ಚಳಿ, ಎಲ್ಲಾ ಕಾಲದಲ್ಲೂ ನನ್ನ ಜೊತೆ ನಿಂತು ನೋಡಲಿ. ಇದೇನು ದೊಡ್ಡ ಕೆಲಸ ಅಲ್ಲಪ್ಪ. ಒಂದು ದಿನ ನೋಡದೆ ಬಿಟ್ರೆ ಮಾತ್ರ ದೊಡ್ಡದಾಗುತ್ತೆ."