ಪೂಜಾರಿಕೆಗೆ ಎಂಜಲಿನ ಸಾಕ್ಷಿ

ಯಜ್ಞೇಶ ಸುಲಭಕ್ಕೆ ಬಗ್ಗುವ ಆಸಾಮಿಯಲ್ಲ. ಹತ್ತೊಂಬತ್ತು ವರ್ಷಗಳಿಂದ ಗಲ್ಫಿನ ಅಲ್ ಖೋರ್‌ನಲ್ಲಿದ್ದು, ನಸುಕಿಗೇ ಕಂಪನಿ ಬಸ್ಸು ಹತ್ತಿ ಗ್ಯಾಸ್ ಪ್ಲಾಂಟಿನಲ್ಲಿ ವಾಲ್ವ್ ರಿಪೇರಿ ಮಾಡುವ ಈ ಮನುಷ್ಯ ಸೂಪರ್‌ವೈಸರಿಗೇ ಎದುರುತ್ತರ ಕೊಟ್ಟವನು. ಸೋದರಮಾವನ ಮುಂದೆ ಮಾತ್ರ ತಲೆ ಎತ್ತಿದವನಲ್ಲ. ಮಾವ ಮುಲ್ಕಿ ಹತ್ತಿರದ ಮನೆತನದ ದೈವಸ್ಥಾನಕ್ಕೆ ಪೂಜಾರಿ. ಯಜ್ಞೇಶ ಊರಿಗೆ ಹೋದ ರಜೆಯನ್ನೆಲ್ಲ ಅಲ್ಲೇ ಕಳೆದ. ವ್ರತದವರಂತೆ ಒಪ್ಪೊತ್ತು ಊಟ ಹಾಕಿ, ಹೂ ಇಡುವ ಕ್ರಮದಿಂದ ಹಿಡಿದು ಎಲ್ಲವನ್ನೂ ಮಾವ ಕಲಿಸಿದರು. ಅವರು ತೀರಿಕೊಂಡು ಮೂರು ತಿಂಗಳಾಗಿತ್ತು. ಪೂಜಾರಿಕೆ ಇನ್ನು ಸೋದರಳಿಯನಿಗೇ ಎಂದು ಎಲ್ಲರೂ ಮಾತಾಡಿಕೊಂಡಿದ್ದರು. ಅವರಲ್ಲಿ ಬಳಿ, ಎಂದರೆ ಗೋತ್ರದಂಥದ್ದು, ತಾಯಿಯಿಂದ ಬರುತ್ತದೆ; ಪೂಜಾರಿಕೆಯೂ ಹಾಗೆಯೇ, ಮಗನಿಗಲ್ಲ, ಅಕ್ಕತಂಗಿಯರ ಮಗನಿಗೆ.

ಅಡ್ಡಗಾಲು ಹಾಕಿದವನು ಮಾವನ ಮಗ ವಿಕಾಸ್. ಅವನೂ ಗಲ್ಫಿನಲ್ಲೇ, ವೆಸ್ಟ್ ಬೇಯಲ್ಲಿ ಆಫೀಸು, ಬಾಯಲ್ಲಿ ಎಲ್ಲದಕ್ಕೂ ಒಂದು ರಿಪೋರ್ಟು. ಶುಕ್ರವಾರ ಸೂಕ್ ವಾಕಿಫ್ ಪೇಟೆಯ ಚಹಾದಂಗಡಿಗೆ ಭಾವನನ್ನು ಕರೆಸಿ ಮೊಬೈಲಿನಲ್ಲಿದ್ದ ಲೇಖನವೊಂದನ್ನು ಮುಂದೆ ಹಿಡಿದ.

"ನೋಡಿ ಭಾವ, ಯಹೂದಿಗಳಲ್ಲಿ ಕೋಹೆನ್ ಅಂತ ಪುರೋಹಿತರು. ಅಪ್ಪನಿಂದ ಮಗನಿಗೆ ಬರುದು. ಡಿಎನ್‌ಎ ಟೆಸ್ಟ್ ಮಾಡಿದ್ರೆ ಎಷ್ಟೋ ಜನರಲ್ಲಿ ಒಂದೇ ಹಳೇ ಗುರುತು ಸಿಕ್ಕಿತಂತೆ. ನಾವೂ ಮಾಡಿಸುವ. ಅಪ್ಪನ ಗುರುತು ಯಾರಲ್ಲಿ ಉಂಟು ಅಂತ ಗೊತ್ತಾಗ್ತದೆ. ದೈವಸ್ಥಾನದ ಕಮಿಟಿಯವರೂ ಒಪ್ಪಿದ್ದಾರೆ."

ಯಜ್ಞೇಶನಿಗೆ ಸಿಟ್ಟು ನೆತ್ತಿಗೇರಿತು. ಮೊಬೈಲ್ ಕಸಿದುಕೊಂಡು ಲೇಖನವನ್ನು ಕೊನೆಯವರೆಗೂ ಓದಿದ.

"ಅರ್ಧ ಓದಿ ಬಂದಿದ್ದಿ ಮಾರಾಯ. ಗುರುತು ಇಲ್ಲದ ಕೋಹೆನರೂ ಇದ್ದಾರಂತೆ. ಅವರನ್ನು ಯಾರಾದ್ರೂ ಹೊರಗೆ ಹಾಕಿದ್ರಾ? ಮನೆತನದ ಮಾತು ದೊಡ್ಡದು, ಲ್ಯಾಬಿನದ್ದಲ್ಲ ಅಂತ ಅವರ ಗುರುಗಳೇ ಹೇಳ್ತಾರೆ, ಓದು. ಮತ್ತೆ ನೀನು ನಿನ್ನ ಅಪ್ಪನ ಮಗ ಅಂತ ಹೇಳ್ಲಿಕ್ಕೆ ಟೆಸ್ಟ್ ಬೇಕಾ? ನಿನ್ನ ಅಮ್ಮನ ಹತ್ರ ಹೇಳಿ ನೋಡು, ಕೆನ್ನೆಗೆ ಕೊಡ್ತಾರೆ."

ವಿಕಾಸ್ ಸೋಲೊಪ್ಪಲಿಲ್ಲ. ಬ್ಯಾಗಿನಿಂದ ಸಣ್ಣ ಕೊಳವೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟ.

"ಆಯ್ತು, ನಮ್ಮ ಬಳಿ ತಾಯಿಯಿಂದ ಬರುದಲ್ವಾ, ತಾಯಿ ಕಡೆಯದ್ದಕ್ಕೂ ಟೆಸ್ಟ್ ಉಂಟು. ಅಜ್ಜಿ ಈಗ ಇಲ್ಲದ್ದಕ್ಕೆ ಅವರ ತಂಗಿಯ ಸ್ಯಾಂಪಲ್ ಊರಲ್ಲಿ ಆಗಲೇ ತೆಗೆಸಿದ್ದೇನೆ. ನೀವು ಇದರೊಳಗೆ ಉಗುಳಿ. ಅವರದ್ದಕ್ಕೆ ಹೊಂದಿದ್ರೆ ನನ್ನದು ಖಲಾಸ್, ನೀವೇ ಪೂಜಾರಿ. ಉಗುಳದಿದ್ರೆ ಹೆದರಿದ್ರು ಅಂತ ಕಮಿಟಿಗೆ ಹೇಳ್ತೇನೆ."

ಹೊಂದುವುದಿಲ್ಲವೆಂದು ಯಜ್ಞೇಶನಿಗೆ ಗೊತ್ತಿತ್ತು. ಅಜ್ಜಿಗೂ ಅವಳ ತಂಗಿಗೂ ಹೆಣ್ಣುಮಕ್ಕಳಿರಲಿಲ್ಲ. ಬಳಿ ನಿಂತುಹೋಗಬಾರದೆಂದು ಅವಳು ಹಾಲುಗೂಸೊಂದನ್ನು ದತ್ತು ತಂದು, ದೈವದ ಮುಂದೆ ನಿಂತು ತನ್ನ ಮಗಳೆಂದು ಹೇಳಿ ಬಳಿಗೆ ಸೇರಿಸಿಕೊಂಡಿದ್ದಳು. ಆ ಕೂಸೇ ಯಜ್ಞೇಶನ ತಾಯಿ. ಮಾವ ಇದನ್ನು ಒಂದೇ ಒಂದು ಸಲ ಹೇಳಿದ್ದರು. ಮಾರನೆಯ ಬೆಳಿಗ್ಗೆ ಎಂದಿನಂತೆ ಪೂಜೆಗೆ ಕೂರಿಸಿದ್ದರು. ಈಗ ಏನಾದರೂ ನೆಪ ಹೇಳಿ ಎದ್ದುಹೋಗಬಹುದಿತ್ತು. ಆದರೆ ತಾಯಿಯನ್ನು ಮುಚ್ಚಿಟ್ಟು ಸಿಗುವ ಪೂಜಾರಿಕೆ ಅವನಿಗೆ ಬೇಡವಾಗಿತ್ತು.

ಅವನು ಕೊಳವೆಯನ್ನು ವಿಕಾಸನತ್ತ ತಳ್ಳಿದ.

"ಕಮಿಟಿಗೆ ನಾನೇ ಫೋನ್ ಮಾಡ್ತೇನೆ. ನನ್ನ ಅಮ್ಮನನ್ನು ಅಜ್ಜಿ ದತ್ತು ತಂದದ್ದು, ಎರಡು ಟೆಸ್ಟಲ್ಲೂ ನಾನು ಫೇಲ್ ಅಂತ ಹೇಳ್ತೇನೆ. ನಿನ್ನ ಅಪ್ಪನಿಗೆ ಇದು ಗೊತ್ತಿತ್ತು ವಿಕಾಸ್. ಗೊತ್ತಿದ್ದೇ ನನಗೆ ಕಲಿಸಿದ್ದು. ಬರುವ ಸಂಕ್ರಾಂತಿಗೆ ದೈವಸ್ಥಾನದ ಬಾಗಿಲು ತೆಗೆಯುವವ ನಾನೇ. ಅಜ್ಜಿ ದೈವದ ಎದುರು ಹೇಳಿದ್ದು ಸುಳ್ಳು ಅನ್ನುವ ಧೈರ್ಯ ಇದ್ದವರು ಬಂದು ತಡೀಲಿ."